ಹಸಿರಾಗಿ ಹೊಳೆಯುವ ಸಿಲಿಕಾನ್ ನ್ಯಾನೋಕಣ: ಮಾಡುವುದು ಹೇಗೆ, ನಂಬುವುದು ಹೇಗೆ

ಸಣ್ಣ ಶೀಶೆಯಲ್ಲಿ ನೀರಿನಂತೆ ತಿಳಿಯಾಗಿದ್ದ ದ್ರಾವಣ ಕಣ್ಣೆದುರೇ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ಅರ್ಧ ಗಂಟೆ ಬಿಟ್ಟು ಕೋಣೆಯ ದೀಪ ಆರಿಸಿ 405 ನ್ಯಾನೋಮೀಟರ್‌ನ ನೇರಳೆ ಟಾರ್ಚ್ ಹಿಡಿದರೆ ಇಡೀ ಶೀಶೆ ಹಸಿರಾಗಿ ಬೆಳಗುತ್ತದೆ. ಕುಲುಮೆ ಬೇಡ, ಒತ್ತಡದ ಪಾತ್ರೆ ಬೇಡ, ಕೋಣೆಯ ಉಷ್ಣತೆ ಸಾಕು. ಮೊದಲ ಸಲ ನೋಡಿದಾಗ ನಾನು ಟಾರ್ಚನ್ನು ಆರಿಸಿ, ಹಚ್ಚಿ, ಮತ್ತೆ ಆರಿಸಿ ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ, ಅಲ್ವಾ? ಈ ಹೊಳಪು ಸಿಲಿಕಾನ್‌ನದ್ದೇ ಅಂತ ಶೀಶೆ ಹೇಳುವುದಿಲ್ಲ. ಅದನ್ನು ನಾವೇ ಕೇಳಬೇಕು. ಅದಕ್ಕೇ ಇಲ್ಲಿ ಕಣ ಮಾಡುವ ವಿಧಾನದ ಜೊತೆಗೇ ಅದನ್ನು ಪರೀಕ್ಷಿಸುವ ವಿಧಾನವನ್ನೂ ಬರೆದಿದ್ದೇನೆ. ಕೊನೆಗೆ ಅದೇ ಕಣದಿಂದ ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವವನ್ನು ಅಳೆಯೋಣ. ಯಕೃತ್ತು, ಪಿತ್ತನಾಳ, ಮೂಳೆಗೆ ತೊಂದರೆ ಆದಾಗ ರಕ್ತದಲ್ಲಿ ಏರುವ ಕಿಣ್ವ ಇದು.

ಸಿಲಿಕಾನೇ ಯಾಕೆ?

ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗೆ ಎಷ್ಟು ಬೆಳಕು ಬಿಟ್ಟರೂ ಅದು ಹೊಳೆಯುವುದಿಲ್ಲ. ಅದರ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯಲು ಬೇಕಾದ ಶಕ್ತಿ) 1.12 ಎಲೆಕ್ಟ್ರಾನ್ ವೋಲ್ಟ್, ಅಂದರೆ 1100 ನ್ಯಾನೋಮೀಟರ್ ಆಸುಪಾಸಿನ ಅವಗೆಂಪು. ಅದೂ ನೇರವಲ್ಲದ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಬೆಳಕು ಬಿಟ್ಟು ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಹಾಗಾಗಿ ಒಳಗೆ ಹೋದ ಶಕ್ತಿಯಲ್ಲಿ ಹೆಚ್ಚಿನ ಪಾಲು ಬೆಳಕಾಗದೆ ಶಾಖವಾಗಿ ಹೋಗಿಬಿಡುತ್ತದೆ. 1990ರಲ್ಲಿ ಬ್ರಿಟಿಷ್ ವಿಜ್ಞಾನಿ ಲೀ ಕ್ಯಾನ್‌ಹಮ್ ಈ ಕಥೆ ಬದಲಿಸಿದರು. ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕೊರೆದು ಸ್ಪಂಜಿನಂತೆ ಮಾಡಿದ ಸಿಲಿಕಾನ್ ಕೋಣೆಯ ಉಷ್ಣತೆಯಲ್ಲೇ ಕೆಂಪಗೆ ಹೊಳೆಯುವುದನ್ನು ತೋರಿಸಿದರು. ಕೆಲವೇ ನ್ಯಾನೋಮೀಟರ್ ಜಾಗದಲ್ಲಿ ಎಲೆಕ್ಟ್ರಾನ್ ಸಿಕ್ಕಿಕೊಂಡರೆ ಗ್ಯಾಪ್ ಹಿಗ್ಗುತ್ತದೆ, ಬೆಳಕು ಕಣ್ಣಿಗೆ ಕಾಣುವ ಕಡೆಗೆ ಸರಿಯುತ್ತದೆ.

ಜೀವಕೋಶ, ರಕ್ತದ ಜೊತೆ ಕೆಲಸ ಮಾಡುವವರಿಗೆ ಇದು ಇಷ್ಟವಾಗಲು ಇನ್ನೊಂದು ಕಾರಣ ಇದೆ. ಹೊಳೆಯುವ ಕ್ವಾಂಟಮ್ ಡಾಟ್‌ಗಳಲ್ಲಿ (ಕೆಲವೇ ನ್ಯಾನೋಮೀಟರ್‌ನ ಅರೆವಾಹಕ ಹರಳುಗಳಲ್ಲಿ) ಹೆಸರುವಾಸಿಯಾದವು ಕ್ಯಾಡ್ಮಿಯಂನವು, ಕ್ಯಾಡ್ಮಿಯಂ ವಿಷ. ಸಿಲಿಕಾನ್ ಹಾಗಲ್ಲ. ಅದು ನೀರಿನಲ್ಲಿ ಕರಗುತ್ತಾ ಸಿಲಿಸಿಕ್ ಆಮ್ಲವಾಗುತ್ತದೆ, ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. 2009ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಮೈಕಲ್ ಸೇಲರ್ ತಂಡ ಇಂಥ ಹೊಳೆಯುವ ರಂಧ್ರಮಯ ಕಣಗಳನ್ನು ಇಲಿಯ ದೇಹದಲ್ಲೇ ಕರಗಿಸಿ ತೋರಿಸಿತು.

ಹೈಡ್ರೋಫ್ಲೋರಿಕ್ ಆಮ್ಲದ ದಾರಿಯನ್ನು ನಾನು ಇಲ್ಲಿ ಹೇಳುವುದಿಲ್ಲ. ಅದು ಚರ್ಮದೊಳಗೆ ಇಳಿದು ರಕ್ತದ ಕ್ಯಾಲ್ಸಿಯಂ ಎಳೆದುಕೊಳ್ಳುವ ಆಮ್ಲ. ಮೊದಮೊದಲು ನೋವೂ ಗೊತ್ತಾಗದಿರಬಹುದು. ತರಬೇತಿ ಪಡೆದವರು ಪಕ್ಕದಲ್ಲಿಲ್ಲದೆ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವಂತಿಲ್ಲದೆ ಅದರ ಬಾಟಲಿ ಮುಟ್ಟಬೇಡಿ. ನಮ್ಮದು ನೀರಿನ ದಾರಿ.

ಮೂರು ಶೀಶೆ ಇಡಿ

ಕಣ ಮಾಡಲು ಬೇಕಾಗುವುದು ಎರಡೇ ವಸ್ತು. ಒಂದು ಅಮಿನೋಪ್ರೊಪಿಲ್ ಟ್ರೈಇಥಾಕ್ಸಿಸಿಲೇನ್. ಲ್ಯಾಬ್‌ನಲ್ಲಿ ಎಲ್ಲರೂ ಆಪ್ಟೆಸ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಇನ್ನೊಂದು ಸೋಡಿಯಂ ಆಸ್ಕಾರ್ಬೇಟ್, ಅಂದರೆ ವಿಟಮಿನ್ ಸಿ ಲವಣ. ಆಪ್ಟೆಸ್ ಚರ್ಮ ಸುಡುತ್ತದೆ, ಕಣ್ಣಿಗಂತೂ ತುಂಬಾ ಅಪಾಯ. ಕನ್ನಡಕ, ಕೈಗವಸು ಹಾಕಿಕೊಂಡು ಫ್ಯೂಮ್ ಹುಡ್ ಒಳಗೇ ಸುರಿಯಿರಿ. ತೇವ ತಾಗಿದರೆ ಅದು ಬಾಟಲಿಯೊಳಗೇ ಕೆಡಲು ಶುರುವಾಗುತ್ತದೆ. ತೆರೆದು ಎಷ್ಟೋ ತಿಂಗಳಾದ, ತಳದಲ್ಲಿ ಮಬ್ಬು ಕಂಡ ಬಾಟಲಿಯಿಂದ ಮಾಡಿದ ಕಣ ಪ್ರತಿ ಸಲವೂ ಬೇರೆ ಬೇರೆ ಬರುತ್ತದೆ, ಆಮೇಲೆ ತಪ್ಪು ಎಲ್ಲಿ ಅಂತ ಹುಡುಕುತ್ತಾ ವಾರಗಟ್ಟಲೆ ಹೋಗುತ್ತದೆ.

ಮೊದಲ ಶೀಶೆ ಹೀಗೆ. 4 ಮಿಲಿಲೀಟರ್ ಶುದ್ಧ ನೀರಿಗೆ ಹದಿನೈದು ನಿಮಿಷ ನೈಟ್ರೋಜನ್ ಬಿಟ್ಟು ಆಮ್ಲಜನಕ ಓಡಿಸಿ. ಕಾಂತದ ಕಡ್ಡಿ ಹಾಕಿ ತಿರುಗಿಸುತ್ತಾ 1 ಮಿಲಿ ಆಪ್ಟೆಸ್ ಹನಿಹನಿಯಾಗಿ ಬಿಡಿ. ಸ್ವಲ್ಪ ಬಿಸಿಯಾಗುತ್ತದೆ, ಗಾಬರಿ ಬೇಡ. ತಿಳಿಯಾದ ಮೇಲೆ 0.1 ಮೋಲಾರ್ ಸೋಡಿಯಂ ಆಸ್ಕಾರ್ಬೇಟ್ 1.25 ಮಿಲಿ ಸೇರಿಸಿ. ಅದನ್ನು ಆಗಷ್ಟೇ ಕರಗಿಸಿಕೊಂಡಿರಬೇಕು, ನಿನ್ನೆಯದು ಬೇಡ. 20ರಿಂದ 30 ನಿಮಿಷ ತಿರುಗಿಸಿದರೆ ಮುಗಿಯಿತು.

ಎರಡನೇ ಶೀಶೆಯಲ್ಲಿ ಎಲ್ಲವೂ ಅದೇ, ಆಸ್ಕಾರ್ಬೇಟ್ ಬದಲು ಬರೀ ನೀರು.

ಮೂರನೇ ಶೀಶೆಯೇ ಮುಖ್ಯ. ಅದರಲ್ಲಿ ಸಿಲಿಕಾನೇ ಇರುವುದಿಲ್ಲ. ಆಪ್ಟೆಸ್ ಬದಲು ಅಷ್ಟೇ ಮೋಲ್ ಬ್ಯೂಟೈಲ್ ಅಮೀನ್ ಹಾಕಿ. 1 ಮಿಲಿ ಆಪ್ಟೆಸ್ ಅಂದರೆ ಸುಮಾರು 4.3 ಮಿಲಿಮೋಲ್, ಅದಕ್ಕೆ ಸರಿಯಾಗಿ ಬ್ಯೂಟೈಲ್ ಅಮೀನ್ ಸುಮಾರು 0.42 ಮಿಲಿ. ಉಳಿದದ್ದು ನೀರು. ಇದೂ ಸುಡುವ, ಬೇಗ ಬೆಂಕಿ ಹತ್ತುವ ದ್ರವ, ವಾಸನೆಯೂ ಕೆಟ್ಟದ್ದು, ಹುಡ್ ಒಳಗೇ ಇರಲಿ. ಮೂರರ ಪಿಹೆಚ್ ನೋಡಿ ಹೆಚ್ಚುಕಡಿಮೆ ಒಂದೇ ಮಾಡಿಕೊಳ್ಳಿ. ಆಸ್ಕಾರ್ಬೇಟ್, ಅಮೀನ್, ಕ್ಷಾರ ಮೂರೂ ಸೇರಿದರೆ ಸಿಲಿಕಾನ್ ಇಲ್ಲದೆಯೂ ಹಳದಿ ಬಣ್ಣ, ಹೊಳೆಯುವ ಸಣ್ಣ ಅಣುಗಳು ಹುಟ್ಟಬಹುದು. ಮೂರನೇ ಶೀಶೆ ಎಷ್ಟು ಹೊಳೆಯುತ್ತದೆ, ಯಾವ ತರಂಗಾಂತರದಲ್ಲಿ ಹೊಳೆಯುತ್ತದೆ ಅನ್ನುವುದು ಮೊದಲನೆಯದರ ಬಗ್ಗೆ ನಿಮಗೆ ಸಿಗುವ ಮೊದಲ ಸಾಕ್ಷಿ.

ಸುಮ್ನೆ ಅನುಮಾನ ಪಡುತ್ತಿದ್ದೇನೆ ಅಂದುಕೊಳ್ಳಬೇಡಿ. ಒಂದು ಲೆಕ್ಕ ಹಾಕಿ ನೋಡಿ. ಆಪ್ಟೆಸ್‌ನಲ್ಲಿರುವ ಒಂದು ಸಿಲಿಕಾನ್ ಪರಮಾಣುವನ್ನು ಶುದ್ಧ ಸಿಲಿಕಾನ್ ಮಾಡಲು ನಾಲ್ಕು ಎಲೆಕ್ಟ್ರಾನ್ ಬೇಕು. ಒಂದು ಆಸ್ಕಾರ್ಬೇಟ್ ಕೊಡುವುದು ಎರಡು. ನಾವು ಹಾಕಿದ್ದು 0.125 ಮಿಲಿಮೋಲ್ ಆಸ್ಕಾರ್ಬೇಟ್. ಅದರ ಕೊನೆಯ ಎಲೆಕ್ಟ್ರಾನ್‌ವರೆಗೂ ಸಿಲಿಕಾನ್‌ಗೇ ಹೋಯಿತು ಅಂದುಕೊಂಡರೂ 0.0625 ಮಿಲಿಮೋಲ್ ಸಿಲಿಕಾನ್ ಆದೀತು. ಇದ್ದದ್ದು 4.3 ಮಿಲಿಮೋಲ್. ಅಂದರೆ ನೂರಕ್ಕೆ ಒಂದೂವರೆ ಪಾಲು. ಉಳಿದ ತೊಂಬತ್ತೆಂಟೂವರೆ ಪಾಲು ಸಿಲಿಕಾ, ಅಂದರೆ ಸಿಲಿಕಾನ್–ಆಮ್ಲಜನಕದ ಜಾಲವಾಗಿಯೇ ಇರುತ್ತದೆ. ಆಸ್ಕಾರ್ಬೇಟ್‌ನಂಥ ಸೌಮ್ಯ ವಸ್ತುವಿಗೆ ಸಿಲಿಕಾನ್–ಆಮ್ಲಜನಕದ ಗಟ್ಟಿ ಬಂಧ ಮುರಿಯುವ ಶಕ್ತಿ ಇದೆಯಾ ಅನ್ನುವುದು ಬೇರೆಯೇ ಪ್ರಶ್ನೆ, ನನಗಂತೂ ಇದೆ ಅನಿಸುವುದಿಲ್ಲ.

ತೊಳೆಯುವುದು

1000 ಡಾಲ್ಟನ್ ಡಯಾಲಿಸಿಸ್ ಚೀಲದಲ್ಲಿ (ಅದಕ್ಕಿಂತ ಹಗುರವಾದ ಅಣುವನ್ನು ಮಾತ್ರ ಹೊರಬಿಡುವ ಪೊರೆ) ದ್ರಾವಣ ತುಂಬಿ, ಬಾಯಿ ಕಟ್ಟಿ, ದೊಡ್ಡ ಬೀಕರ್ ನೀರಿನಲ್ಲಿ ಇಳಿಬಿಡಿ. ಒಂದು ದಿನದಲ್ಲಿ ನಾಲ್ಕೈದು ಸಲ ನೀರು ಬದಲಿಸಿ. ಇಲ್ಲಿ ಎಷ್ಟೋ ಜನ ಮಾಡುವ ತಪ್ಪು ಅಂದರೆ ಹೊರಗಿನ ನೀರನ್ನು ಹಾಗೇ ಸಿಂಕಿಗೆ ಚೆಲ್ಲುವುದು. ಚೆಲ್ಲಬೇಡಿ. ಪ್ರತಿ ಸಲದ ಹೊರನೀರಿನಿಂದ ಸ್ವಲ್ಪ ಎತ್ತಿಟ್ಟು ಅದರ ಹೊಳಪನ್ನೂ ಅಳೆಯಿರಿ. ಮೊದಲ ಸಲದ ನೀರು ಜೋರಾಗಿ ಹೊಳೆದು ಕೊನೆಯದು ಹೊಳೆಯದೆ, ಚೀಲದೊಳಗೆ ಒಳ್ಳೆಯ ಹೊಳಪು ಉಳಿದಿದ್ದರೆ ಸರಿ. ಹೊಳಪಿನ ಬಹುಪಾಲು ಹೊರಗೇ ಹೋಗಿದ್ದರೆ ನೀವು ನೋಡಿ ಖುಷಿಪಟ್ಟಿದ್ದು ಕಣವನ್ನಲ್ಲ, ಸಣ್ಣ ಅಣುವನ್ನು.

ಒಣಗಿಸಿ ಪುಡಿ ಮಾಡಲು ಹೋಗಬೇಡಿ ಅಂತ ನನ್ನ ಸಲಹೆ. ಅಮೀನ್ ಹೊದ್ದ ಸಿಲಿಕಾ ಕಣ ಒಣಗುವಾಗ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ, ಮತ್ತೆ ನೀರಿಗೆ ಹಾಕಿದರೆ ಪೂರ್ತಿ ಕರಗುವುದಿಲ್ಲ. 1 ಮಿಲಿ ಮಾತ್ರ ಒಣಗಿಸಿ ತೂಕ ತಿಳಿದುಕೊಳ್ಳಿ, ಉಳಿದದ್ದು ದ್ರವವಾಗಿಯೇ 4 ಡಿಗ್ರಿಯಲ್ಲಿ, ಕತ್ತಲಲ್ಲಿ ಇರಲಿ.

ಹೊಳಪು ಯಾರದು?

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡ ಕೂಡಲೇ ಕೆಲಸ ಆಯಿತು ಅನ್ನುವವರು ಜಾಸ್ತಿ. ಜಾಲರಿಯ ಮೇಲೆ ಒಣಗಿದ ಲವಣವೂ ಚುಕ್ಕೆಯಂತೆಯೇ ಕಾಣುತ್ತದೆ. ಎಕ್ಸ್‌ಪಿಎಸ್ (ಎಕ್ಸ್ ಕಿರಣ ಬಿಟ್ಟು ಹೊರಬರುವ ಎಲೆಕ್ಟ್ರಾನ್‌ನ ಶಕ್ತಿ ನೋಡುವ ಪರೀಕ್ಷೆ) ಮಾಡಿಸಿ, ಸಿಲಿಕಾನ್ 2ಪಿ ಶಿಖರ ಎಲ್ಲಿದೆ ನೋಡಿ. ಶುದ್ಧ ಸಿಲಿಕಾನ್ ಆದರೆ 99.3 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಬರಬೇಕು. 102–103ರ ಹತ್ತಿರ ಮಾತ್ರ ಬಂದರೆ ಅದು ಆಮ್ಲಜನಕದ ಜೊತೆ ಕಟ್ಟಿಕೊಂಡ ಸಿಲಿಕಾನ್. ರಾಮನ್ ವರ್ಣಪಟಲದಲ್ಲಿ (ಚದುರಿದ ಬೆಳಕಿನ ತರಂಗಾಂತರ ಎಷ್ಟು ಸರಿಯಿತು ಅಂತ ತೋರಿಸುವ ಪಟ) ಸ್ಫಟಿಕ ಸಿಲಿಕಾನ್‌ನ ಗುರುತು ಸೆಂಟಿಮೀಟರಿಗೆ 520ರ ಆಸುಪಾಸಿನಲ್ಲಿ ಚೂಪಾಗಿ ನಿಲ್ಲುತ್ತದೆ. ಒಂದು ಎಚ್ಚರಿಕೆ, ಮಾದರಿಯನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಒಣಗಿಸಿ ರಾಮನ್ ತೆಗೆದರೆ ಆ 520 ಬಿಲ್ಲೆಯದ್ದೇ ಆಗಿರುತ್ತದೆ!

ನನಗೆ ಎಲ್ಲಕ್ಕಿಂತ ಸ್ಪಷ್ಟ ಅನಿಸುವ ಸಾಕ್ಷಿ ಹೊಳಪಿನ ಆಯಸ್ಸು. ನಿಜವಾದ ಸಿಲಿಕಾನ್ ನ್ಯಾನೋಸ್ಫಟಿಕದ ಕೆಂಪು ಹೊಳಪು ಹತ್ತಾರು, ನೂರಾರು ಮೈಕ್ರೋಸೆಕೆಂಡ್ ಉಳಿಯುತ್ತದೆ. ಈ ನೀಲಿ, ಹಸಿರು ಹೊಳಪು ಕೆಲವು ನ್ಯಾನೋಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಸಾವಿರಾರು ಪಟ್ಟು ವ್ಯತ್ಯಾಸ. ಇಷ್ಟು ದೊಡ್ಡ ಅಂತರ ಇದ್ದಾಗ ಎರಡಕ್ಕೂ ಒಂದೇ ಕಾರಣ ಅನ್ನುವುದು ಕಷ್ಟ.

ಹಾಗಾದರೆ ಈ ಹಸಿರು ಕಣ ಬೇಡವಾ? ಖಂಡಿತ ಬೇಕು. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮೈಮೇಲೆ ಅಮೀನ್ ಗುಂಪು ಇರುವುದರಿಂದ ಪ್ರತಿಕಾಯ, ಡಿಎನ್ಎ ಏನು ಬೇಕಾದರೂ ಕಟ್ಟಬಹುದು, ಮಾಡುವುದೂ ಸುಲಭ. ಸಂವೇದಕವಾಗಿ ಅದು ಒಳ್ಳೆಯ ಕೆಲಸಗಾರ. 99.3ರಲ್ಲಿ ಏನೂ ಕಾಣದಿದ್ದರೆ ಮಾತ್ರ ಅದನ್ನು ಸಿಲಿಕಾನ್ ಕ್ವಾಂಟಮ್ ಡಾಟ್ ಅನ್ನಬೇಡಿ, ಹೊಳೆಯುವ ಆರ್ಗನೋಸಿಲಿಕಾ (ಇಂಗಾಲದ ಗುಂಪು ಕಟ್ಟಿಕೊಂಡ ಸಿಲಿಕಾ) ಕಣ ಅನ್ನಿ. ಹೆಸರು ತಪ್ಪಿದರೆ ನಿಮ್ಮ ನಂತರ ಬರುವವರು ಇಲ್ಲದ ಸಿಲಿಕಾನ್ ಹರಳಿನ ಲೆಕ್ಕದಲ್ಲಿ ಎಲ್ಲವನ್ನೂ ವಿವರಿಸಲು ಹೋಗಿ ದಾರಿ ತಪ್ಪುತ್ತಾರೆ.

ಹೊಳಪು ಅಳೆಯುವ ಯಂತ್ರದ ಮುಂದೆ ಕೂರುವ ಮೊದಲು

ಕಣದ ದ್ರಾವಣವನ್ನು ತೆಳು ಮಾಡಿ, 405ರಲ್ಲಿ ಹೀರಿಕೆ (ದ್ರಾವಣ ಎಷ್ಟು ಬೆಳಕು ನುಂಗುತ್ತದೆ ಅನ್ನುವ ಲಾಗ್ ಅಳತೆ) 0.1 ದಾಟಬಾರದು. ದಾಟಿದಷ್ಟೂ ಬೆಳಕು ಮೊದಲು ತಾಗುವ ಪದರವೇ ಹೆಚ್ಚು ನುಂಗುತ್ತದೆ, ಹಿಂದಿನ ಕಣಕ್ಕೆ ಸಿಗುವುದು ಕಮ್ಮಿಯಾಗುತ್ತದೆ.

405 ಕೊಟ್ಟಾಗ 470ರ ಹತ್ತಿರ ಒಂದು ಪುಟ್ಟ ದಿಬ್ಬ ಕಂಡರೆ ಹೊಸ ಶಿಖರ ಸಿಕ್ಕಿತು ಅಂದುಕೊಳ್ಳಬೇಡಿ. ಅದು ನೀರಿನ ರಾಮನ್ ಚದುರಿಕೆ. ಬೆಳಕನ್ನು 415ಕ್ಕೆ ಸರಿಸಿ ನೋಡಿ, ದಿಬ್ಬ 483ಕ್ಕೆ ಓಡುತ್ತದೆ. ಬರೀ ನೀರಿನಲ್ಲೂ ಬರುತ್ತದೆ. ಕಣದ ನಿಜವಾದ ಹೊಳಪು 500 ದಾಟಿದ ಮೇಲೆ, ಅಗಲವಾಗಿ ಇರುತ್ತದೆ. ಕ್ವಾಂಟಮ್ ಯೀಲ್ಡ್ (ಹೀರಿದ ಬೆಳಕಿನಲ್ಲಿ ಎಷ್ಟು ಪಾಲು ಹೊಳಪಾಗಿ ಬಂತು ಅನ್ನುವ ಅಂಕಿ) ಬೇಕಿದ್ದರೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನ ಫ್ಲೋರೆಸೀನ್ ಜೊತೆ ಹೋಲಿಸಿ. ನೀಲಿ ಕಣ ಮಾಡಿದವರು ಕ್ವಿನೈನ್ ಸಲ್ಫೇಟ್ ತೆಗೆದುಕೊಳ್ಳಿ.

ಕಿಣ್ವ ಅಳೆಯೋಣ

ಉಪಾಯ ಸರಳ. ಪ್ಯಾರಾನೈಟ್ರೋಫಿನೈಲ್ ಫಾಸ್ಫೇಟ್‌ಗೆ ಬಣ್ಣ ಇಲ್ಲ. ಆಲ್ಕಲೈನ್ ಫಾಸ್ಫಟೇಸ್ ಅದರ ಫಾಸ್ಫೇಟ್ ಕತ್ತರಿಸಿದರೆ ಪ್ಯಾರಾನೈಟ್ರೋಫಿನಾಲ್ ಬರುತ್ತದೆ. ಕ್ಷಾರದಲ್ಲಿ ಅದು ಹಳದಿ, ಸರಿಯಾಗಿ 405ರ ಸುತ್ತಲೇ ಬೆಳಕು ಹೀರುತ್ತದೆ. ಅಂದರೆ ನಮ್ಮ ಕಣಕ್ಕೆ ಬರಬೇಕಾದ ಬೆಳಕನ್ನು ಅಡ್ಡ ನಿಂತು ಕದಿಯುತ್ತದೆ. ಕಿಣ್ವ ಜಾಸ್ತಿ ಇದ್ದಷ್ಟೂ ಹಳದಿ ಜಾಸ್ತಿ, ಹಳದಿ ಜಾಸ್ತಿ ಆದಷ್ಟೂ ಹಸಿರು ಕಮ್ಮಿ. ಇದಕ್ಕೆ ಇನ್ನರ್ ಫಿಲ್ಟರ್ ಪರಿಣಾಮ ಅನ್ನುತ್ತಾರೆ. 520ರ ಹತ್ತಿರ ಈ ಹಳದಿ ಬಹುತೇಕ ಏನೂ ಹೀರುವುದಿಲ್ಲ, ಹಾಗಾಗಿ ಹೊರಬರುವ ಹಸಿರಿಗೆ ಅಡ್ಡಿ ಇಲ್ಲ.

ಹಳದಿಯನ್ನೇ ನೇರವಾಗಿ ಅಳೆಯಬಹುದಲ್ಲ, ಕಣ ಯಾಕೆ ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ದೊಡ್ಡ ಯಂತ್ರ ಇದ್ದವರಿಗೆ ಬಣ್ಣವೇ ಸಾಕು. ಟಾರ್ಚ್ ಹಿಡಿದು ಕಾಗದದ ಪಟ್ಟಿಯಲ್ಲಿ ಕಣ್ಣಿಂದಲೇ ನೋಡಬೇಕಾದಾಗ ಕಣ ನೆರವಿಗೆ ಬರುತ್ತದೆ. ಆದರೆ ಕಲಿಯುವವರಿಗೆ ನಾನು ಇದನ್ನೇ ಹೇಳಿಕೊಡುವುದಕ್ಕೆ ಕಾರಣ ಬೇರೆ. ಇಲ್ಲಿ ಹೊಳಪಿನ ಪ್ರತಿ ಅಂಕಿಯನ್ನೂ ಬಣ್ಣದ ಅಂಕಿ ಜೊತೆ ಇಟ್ಟು ತಾಳೆ ನೋಡಬಹುದು.

ತಾಳೆ ಹೀಗೆ. ಈ ಹಳದಿಯ ಮೋಲಾರ್ ಹೀರಿಕೆ 405ರಲ್ಲಿ ಸುಮಾರು 18,000. ದ್ರಾವಣದಲ್ಲಿ ಅದು 10 ಮೈಕ್ರೋಮೋಲಾರ್ ಇದ್ದರೆ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ (ಯಂತ್ರದೊಳಗೆ ಇಡುವ ಚೌಕ ಪಾತ್ರೆ) ಹೀರಿಕೆ 0.18. ಯಂತ್ರ ನೋಡುವುದು ಕ್ಯುವೆಟ್‌ನ ನಡುಭಾಗವನ್ನು, ಅಲ್ಲಿಗೆ ಬರುವಷ್ಟರಲ್ಲಿ ಬೆಳಕು ಅರ್ಧ ದಾರಿ ಸವೆಸಿರುತ್ತದೆ, ಅಂದರೆ 0.09. ಹತ್ತರ ಮೈನಸ್ 0.09 ಘಾತ ಅಂದರೆ 0.81. ಹೊಳಪು ನೂರರಿಂದ ಎಂಬತ್ತೊಂದಕ್ಕೆ ಇಳಿಯಬೇಕು. ಇಳಿದದ್ದು ಅಷ್ಟೇ ಇದ್ದರೆ ನಿಮ್ಮ ವಿವರಣೆ ಸರಿ. ಅರವತ್ತಕ್ಕೆ ಇಳಿದರೆ ಬೇರೇನೋ ನಡೆದಿದೆ. ಋಣ ವಿದ್ಯುದಂಶದ ಆ ಹಳದಿ ಅಣು ಧನ ವಿದ್ಯುದಂಶದ ಅಮೀನ್ ಮೈಗೆ ಹೋಗಿ ಅಂಟಿರಬಹುದು. ಆಗ ಆಯಸ್ಸು ಅಳೆಯಿರಿ. ಬೆಳಕು ಕದ್ದಿದ್ದು ಮಾತ್ರ ಆದರೆ ಆಯಸ್ಸು ಬದಲಾಗುವುದಿಲ್ಲ. ಅಂಟಿಕೊಂಡು ಪೂರ್ತಿ ಆರಿಸಿದ್ದರೂ ಉಳಿದ ಕಣಗಳ ಆಯಸ್ಸು ಹಾಗೇ ಇರುತ್ತದೆ, ಡಿಕ್ಕಿ ಹೊಡೆದು ಆರಿಸಿದ್ದರೆ ಮಾತ್ರ ಕಮ್ಮಿಯಾಗುತ್ತದೆ.

ಈಗ ಮಾದರಿಗೆ ಬರೋಣ. ಲೀಟರಿಗೆ 100 ಯೂನಿಟ್ ಕಿಣ್ವ ಇರುವ ಸೀರಮ್ ಇದೆ ಅಂದುಕೊಳ್ಳಿ. ನೂರು ಪಟ್ಟು ತೆಳು ಮಾಡಿದರೆ ಲೀಟರಿಗೆ 1 ಯೂನಿಟ್. ಒಂದು ಯೂನಿಟ್ ಅಂದರೆ ನಿಮಿಷಕ್ಕೆ 1 ಮೈಕ್ರೋಮೋಲ್ ಹಳದಿ. 30 ನಿಮಿಷದಲ್ಲಿ 30 ಮೈಕ್ರೋಮೋಲಾರ್ ಆಗುತ್ತದೆ, ಹೊಳಪು 54ಕ್ಕೆ ಇಳಿಯುತ್ತದೆ. ಆರಾಮಾಗಿ ಅಳೆಯುವ ಮಟ್ಟ. ನೂರು ಪಟ್ಟು ತೆಳು ಮಾಡಿದ್ದರಿಂದ ಸೀರಮ್‌ನ ಸ್ವಂತ ಹೊಳಪು, ಬಣ್ಣ ಕೂಡ ಅಷ್ಟೇ ಇಳಿಯಿತು.

ಬಫರ್ ಡೈಇಥನಾಲಮೀನ್, ಪಿಹೆಚ್ 9.8, ಅದರಲ್ಲಿ 0.5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. ಅಪ್ಪಿತಪ್ಪಿಯೂ ಫಾಸ್ಫೇಟ್ ಬಫರ್ ತೆಗೆದುಕೊಳ್ಳಬೇಡಿ, ಈ ಕಿಣ್ವವನ್ನು ಫಾಸ್ಫೇಟೇ ತಡೆಯುತ್ತದೆ. ರಕ್ತ ತೆಗೆಯುವ ಟ್ಯೂಬ್ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ಇಡಿಟಿಎ, ಸಿಟ್ರೇಟ್ ಟ್ಯೂಬ್ ಆದರೆ ಕಿಣ್ವಕ್ಕೆ ಬೇಕಾದ ಸತು, ಮೆಗ್ನೀಸಿಯಂ ಎರಡನ್ನೂ ಕಟ್ಟಿಹಾಕುತ್ತದೆ. ಸೀರಮ್ ಇಲ್ಲವೇ ಹೆಪಾರಿನ್ ಪ್ಲಾಸ್ಮಾ ಇರಲಿ. ಮನುಷ್ಯರ ಮಾದರಿಗೆ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಕೈಹಾಕಬೇಡಿ, ಮೊದಲು ಶುದ್ಧ ಕಿಣ್ವದಲ್ಲಿ ಕೈ ಪಳಗಿಸಿಕೊಳ್ಳಿ.

ಕಿಣ್ವದ ಕೆಲಸವನ್ನು ಕಣ ಇಲ್ಲದೆ ಬೇರೆಯಾಗಿ ಮುಗಿಸಿ, ಆಮೇಲೆ ಕಣ ಸೇರಿಸುವುದು ಒಳ್ಳೆಯದು. ಕ್ಷಾರದಲ್ಲಿ ಸಿಲಿಕಾ ನಿಧಾನಕ್ಕೆ ಕರಗುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. 37 ಡಿಗ್ರಿಯಲ್ಲಿ 30 ನಿಮಿಷ ಬಿಟ್ಟು, 10 ಮಿಲಿಮೋಲಾರ್ ಆಗುವಷ್ಟು ಇಡಿಟಿಎ ಹಾಕಿ ನಿಲ್ಲಿಸಿ. ಬಣ್ಣದ ಪರೀಕ್ಷೆಯಲ್ಲಿ ರೂಢಿಯಿರುವ ಹಾಗೆ ಸೋಡಿಯಂ ಹೈಡ್ರಾಕ್ಸೈಡ್ ಸುರಿದರೆ ಕಣಕ್ಕೇ ಕುತ್ತು. ಆಮೇಲೆ ಕಣ ಹಾಕಿ, 25 ಡಿಗ್ರಿಗೆ ತಂದು, ಐದು ನಿಮಿಷ ಬಿಟ್ಟು ಓದಿ. ಪ್ರತಿ ಮಾದರಿಗೂ ಒಂದು ಜೋಡಿ ಇರಲೇಬೇಕು: ಅದೇ ಸೀರಮ್, ಆದರೆ ಇಡಿಟಿಎ ಮೊದಲೇ ಹಾಕಿ ಹತ್ತು ನಿಮಿಷ ಬಿಟ್ಟು ಕಿಣ್ವ ಸುಮ್ಮನಾಗಿಸಿದ್ದು. ರಕ್ತಕಣ ಒಡೆದು ಗುಲಾಬಿಯಾದ ಸೀರಮ್‌ನಲ್ಲಿ ಹಿಮೋಗ್ಲೋಬಿನ್ 415ರ ಹತ್ತಿರ ಬೆಳಕು ಹೀರುತ್ತದೆ, ಕಾಮಾಲೆಯ ಬಿಲಿರುಬಿನ್ 450ರ ಹತ್ತಿರ. ಎರಡೂ ನಿಮ್ಮ ಕಿಣ್ವದ ವೇಷ ಹಾಕಿಕೊಂಡು ಬರುತ್ತವೆ. ಈ ಜೋಡಿ ಇದ್ದರೆ ಮಾತ್ರ ಅವು ಸಿಕ್ಕಿಬೀಳುತ್ತವೆ.

ನಾನು ಶುರುವಿನಲ್ಲಿ ಹೀರಿಕೆಯ ಈ ಪಾಠ ಕಲಿತದ್ದು ಕಬ್ಬಿಣ ಪತ್ತೆ ಮಾಡುವ ಸಂವೇದಕದಲ್ಲಿ. ಫೆರಿಕ್ ಅಯಾನು ಹಾಕಿದಂತೆಲ್ಲ ನೀಲಿ ಕಣ ಮಂಕಾಗುತ್ತಿತ್ತು, ಗೆರೆ ನೇರವಾಗಿ ಬಂದಿತ್ತು, ಕಣಕ್ಕೂ ಕಬ್ಬಿಣಕ್ಕೂ ವಿಶೇಷ ನಂಟು ಅಂತ ಬರೆದೂ ಇಟ್ಟಿದ್ದೆ. ಹೀರಿಕೆ ತಿದ್ದುಪಡಿ ಮಾಡಿದ ದಿನ ಗೆರೆ ಬಹುಪಾಲು ಮಲಗಿಬಿಟ್ಟಿತು. ಮಂಕು ಮಾಡಿದ್ದು ಫೆರಿಕ್‌ನ ಸ್ವಂತ ಬಣ್ಣ. ಮೂರು ತಿಂಗಳ ಕೆಲಸ ಮತ್ತೆ ಮೊದಲಿಂದ ಮಾಡಬೇಕಾಯಿತು, ತುಂಬಾ ಬೇಜಾರಾಗಿತ್ತು. ಅಂದಿನಿಂದ ಹೀರಿಕೆಯ ಅಂಕಣ ಇಲ್ಲದ ಹೊಳಪಿನ ಪಟ್ಟಿಯನ್ನು ನಾನು ಓದುವುದೇ ಇಲ್ಲ.

ಅಂಕಿ ಬರೆಯುವಾಗ

ಹೊಳಪಿನ ಇಳಿಕೆಯನ್ನು ನೇರವಾಗಿ ಗೆರೆ ಹಾಕಿದರೆ ಅದು ಬಾಗುತ್ತದೆ. ಕಿಣ್ವ ಇಲ್ಲದ ಹೊಳಪನ್ನು ಇರುವ ಹೊಳಪಿನಿಂದ ಭಾಗಿಸಿ ಹತ್ತರ ಆಧಾರದ ಲಾಗ್ ತೆಗೆದು, ಅದನ್ನು ಹಳದಿಯ ಸಾಂದ್ರತೆಯ ಎದುರು ಇಡಿ. ಗೆರೆ ನೇರವಾಗುತ್ತದೆ, ಇಳಿಜಾರು ಮೋಲಾರಿಗೆ 9,000 ಹತ್ತಿರ ಬರಬೇಕು. ಮೈಕ್ರೋಪ್ಲೇಟ್‌ನಲ್ಲಿ ಮೇಲಿಂದ ಓದುವವರಿಗೆ ಈ ಅಂಕಿ ಹೊಂದುವುದಿಲ್ಲ. ಅಲ್ಲಿ ಬೆಳಕಿನ ದಾರಿ ಬಾವಿಯಲ್ಲಿ ಎಷ್ಟು ದ್ರವ ಇದೆ ಅನ್ನುವುದರ ಮೇಲೆ ನಿಂತಿರುತ್ತದೆ, ಹಾಗಾಗಿ ಎಲ್ಲ ಬಾವಿಗೂ ಒಂದೇ ಪ್ರಮಾಣ ಹಾಕಿ ಸ್ವಂತ ಗೆರೆ ಮಾಡಿಕೊಳ್ಳಿ.

ಪತ್ತೆ ಮಿತಿಗೆ (ಪತ್ತೆಯಾಗುವ ಅತಿ ಕಮ್ಮಿ ಪ್ರಮಾಣ) ಖಾಲಿ ಮಾದರಿಯನ್ನು ಕನಿಷ್ಠ ಹತ್ತು ಸಲ ಬೇರೆ ಬೇರೆಯಾಗಿ ತಯಾರಿಸಿ ಓದಿ. ಒಂದೇ ಕ್ಯುವೆಟ್ ಅನ್ನು ಹತ್ತು ಸಲ ಓದುವುದು ಯಂತ್ರದ ಪರೀಕ್ಷೆ, ನಿಮ್ಮ ವಿಧಾನದ್ದಲ್ಲ. ಆ ಏರುಪೇರಿನ ಮೂರು ಪಟ್ಟನ್ನು ಇಳಿಜಾರಿನಿಂದ ಭಾಗಿಸಿ. ಬಂದ ಮಿತಿ ಎಷ್ಟೇ ಚಿಕ್ಕದಿರಲಿ, ಸೀರಮ್‌ಗೆ ಗೊತ್ತಿರುವಷ್ಟು ಕಿಣ್ವ ಸೇರಿಸಿ ಅದು ಪೂರ್ತಿ ವಾಪಸ್ ಸಿಗುತ್ತದಾ ನೋಡಿ. ನೂರು ಸೇರಿಸಿದ್ದು ತೊಂಬತ್ತರಿಂದ ನೂರಹತ್ತರ ನಡುವೆ ಬಂದರೆ ಮುಂದುವರಿಯಿರಿ. ಎಪ್ಪತ್ತು ಬಂದರೆ ಕಣದ ಅಮೀನ್ ಮೈಗೆ ಅಲ್ಬುಮಿನ್ ಹೋಗಿ ಕೂತು ಹೊಳಪು ಬದಲಿಸಿದೆಯಾ ಅಂತ ಮೊದಲು ಹುಡುಕಿ.

ಫ್ರಿಜ್‌ನಲ್ಲಿಟ್ಟ ಕಣವನ್ನು ವಾರಕ್ಕೊಮ್ಮೆ ತೆಗೆದು ಹೀರಿಕೆ, ಹೊಳಪು ಎರಡನ್ನೂ ಮೊದಲ ದಿನದ ಅಂಕಿ ಜೊತೆ ಹೋಲಿಸಿ. ಹೊಳಪು ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಇಳಿದಿದ್ದರೆ, ತಳದಲ್ಲಿ ಬಿಳಿ ಎಳೆ ಕಂಡರೆ ಆ ಬ್ಯಾಚ್ ಬಿಟ್ಟುಬಿಡಿ. ಹೊಸದು ಮಾಡುವುದು ಅರ್ಧ ಗಂಟೆ, ತೊಳೆಯುವುದು ಒಂದು ದಿನ. ಮೂರನೇ ಶೀಶೆಯನ್ನು ಮಾತ್ರ ಆಗಲೂ ಮರೆಯಬೇಡಿ, ಹೊಸ ಬಾಟಲಿ ಆಪ್ಟೆಸ್ ತೆರೆದ ಪ್ರತಿ ಸಲವೂ ಪಕ್ಕದಲ್ಲಿ ಅದು ಇರಲಿ.